ಸೋಮವಾರದ ಸೂಟಿ

2023ರ ಆಗಸ್ಟ್ 12 ಎರಡನೇ ಶನಿವಾರ ಬಿದ್ದಿತ್ತು. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್.ಆರ್. ರಂಗನಾಥನ್ ಅವರ ಜನ್ಮದಿನವೆಂದು ಆ ದಿನ ದೇಶದಲ್ಲೆಲ್ಲ ಗ್ರಂಥಪಾಲಕರ ದಿನ ಆಚರಿಸುತ್ತಾರೆ. ಧಾರವಾಡದ ನಮ್ಮ ಪುಟ್ಟ ಗ್ರಂಥಪಾಲಕರ ಸಂಘವೂ ಆಚರಿಸುತ್ತದೆ. ಶನಿವಾರ ಕೆಲವರಿಗೆ ರಜೆ, ಕೆಲವರಿಗಿಲ್ಲ. ಭಾನುವಾರವಾದರೆ ಎಲ್ಲರಿಗೂ ರಜೆ ಎಂದು ಲೆಕ್ಕ ಹಾಕಿ ಕಾರ್ಯಕ್ರಮವನ್ನು 13ಕ್ಕೆ ಇಟ್ಟುಕೊಂಡೆವು. ‘ಎಲ್ಲರಿಗೂ ರಜೆ’ ಎಂಬ ಆ ಮಾತಿಗೆ ಮತ್ತೆ ಬರುತ್ತೇನೆ.

ನಿರೂಪಣೆ ನನ್ನದಾಗಿತ್ತು. ಹತ್ತೂವರೆಗೆ ಎಂದು ಕರೆಯೋಲೆಯಲ್ಲಿದ್ದ ಕಾರ್ಯಕ್ರಮ ಹನ್ನೊಂದೂಕಾಲಿಗೆ ಶುರುವಾಯಿತು. ಇನ್ನೂರು ಕುರ್ಚಿಯ ಸಭಾಂಗಣ. ವೇದಿಕೆಯ ಮೇಲೆ ಐದು ಜನ, ಕೆಳಗೆ ಹನ್ನೊಂದು ಜನ. ಆ ಹನ್ನೊಂದರಲ್ಲಿ ಒಬ್ಬ ಮೈಕಿನವನು, ಇನ್ನೊಬ್ಬ ಅತಿಥಿಗಳ ಕಾರಿನ ಚಾಲಕ. ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ‘ಅಪಾರ ಸಂಖ್ಯೆಯಲ್ಲಿ ನೆರೆದಿರುವ’ ಎಂದಿತ್ತು. ಆ ಮೂರು ಪದಗಳನ್ನು ನುಂಗಿ ‘ಎಲ್ಲರಿಗೂ ಸ್ವಾಗತ’ ಎಂದೆ. ಪ್ರಾರ್ಥನೆ, ಸ್ವಾಗತ, ಪರಿಚಯ, ದೀಪ ಬೆಳಗುವುದು, ಹಾರ, ಶಾಲು ಎಲ್ಲ ಮುಗಿಯುವ ಹೊತ್ತಿಗೆ ಐವತ್ತು ನಿಮಿಷ ಕಳೆದಿತ್ತು. ಉಪನ್ಯಾಸದ ವಿಷಯ ಮಾಹಿತಿ ಯುಗದಲ್ಲಿ ಗ್ರಂಥಪಾಲಕರ ಪಾತ್ರ. ಆ ಶೀರ್ಷಿಕೆಯನ್ನು ನಾನು ವಿದ್ಯಾರ್ಥಿನಿಯಾಗಿದ್ದಾಗಿನಿಂದ ಕೇಳುತ್ತ ಬಂದಿದ್ದೇನೆ. ಯುಗವೂ ಬದಲಾಗಿಲ್ಲ, ಪಾತ್ರವೂ ಬದಲಾಗಿಲ್ಲ.

ಮುಂದಿನ ವಾರ ಕಾರ್ಯಕಾರಿ ಸಮಿತಿ ಕೂಡಿತು. ಬ್ಯಾಂಕಿನಲ್ಲಿ ಸಂಘದ ಸಾವಿರದ ಮುನ್ನೂರು ಚಿಲ್ಲರೆ ರೂಪಾಯಿ ಇತ್ತು. ಹಿರಿಯರೊಬ್ಬರು ನೇರವಾಗಿಯೇ ಹೇಳಿದರು: ಇನ್ನೊಂದು ವರ್ಷ ನೋಡೋಣ, ಮುಂದಿನ ಆಗಸ್ಟ್‌ನಲ್ಲೂ ಹೀಗೇ ಆದರೆ ಸಂಘ ಮುಚ್ಚಿಬಿಡೋಣ, ಮರ್ಯಾದೆಯಾದರೂ ಉಳಿಯುತ್ತದೆ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು.

ಜನರನ್ನು ಸೇರಿಸುವ ದಾರಿಗಳೂ ಚರ್ಚೆಗೆ ಬಂದವು. ಒಂದು, ಕಾಲೇಜಿನ ವಿದ್ಯಾರ್ಥಿಗಳನ್ನು ಕರೆತಂದು ಕೂರಿಸುವುದು. ಇನ್ನೊಂದು, ಬಂದವರಿಗೆಲ್ಲ ಪ್ರಮಾಣಪತ್ರ ಕೊಡುವುದು. ಎರಡಕ್ಕೂ ಖರ್ಚಿಲ್ಲ, ಎರಡೂ ಸಭಾಂಗಣ ತುಂಬಿಸುತ್ತವೆ. ನಾನು ಎರಡನ್ನೂ ವಿರೋಧಿಸಿದೆ. ಕಾರಣ, ಎರಡನ್ನೂ ಒಳಗಿನಿಂದ ಬಲ್ಲೆ. ಎಂ.ಎ. ಓದುವಾಗ ಇಂಥ ಎಷ್ಟೋ ಕುರ್ಚಿಗಳನ್ನು ನಾನೇ ತುಂಬಿದ್ದೇನೆ. ಹಾಜರಿ ಹಾಕುತ್ತಾರೆಂದು ಹೋಗಿ, ಹಿಂದಿನ ಸಾಲಿನಲ್ಲಿ ಕುಳಿತು, ಚಪ್ಪಾಳೆ ಹೊಡೆಯಬೇಕಾದಾಗ ಹೊಡೆದು ಎದ್ದು ಬಂದಿದ್ದೇನೆ. 2020ರ ಲಾಕ್‌ಡೌನಿನಲ್ಲಿ ದಿನಕ್ಕೆರಡು ವೆಬಿನಾರ್‌ಗೆ ಹೆಸರು ನೋಂದಾಯಿಸಿ, ಕೊನೆಗೆ ಬರುವ ಗೂಗಲ್ ಫಾರ್ಮ್‌ಗೆ ಮಾತ್ರ ಕಾದು ಕುಳಿತವರಲ್ಲಿ ನಾನೂ ಒಬ್ಬಳು. ಆ ಇ-ಪ್ರಮಾಣಪತ್ರಗಳ ಫೋಲ್ಡರ್ ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲಿದೆ. ಅವುಗಳಲ್ಲಿ ಒಂದರ ವಿಷಯವೂ ನೆನಪಿಲ್ಲ.

ನಮ್ಮ ಕಾರ್ಯದರ್ಶಿಗಳು ನಿವೃತ್ತ ಕಾಲೇಜು ಗ್ರಂಥಪಾಲಕರು, ಎಪ್ಪತ್ತು ದಾಟಿದವರು. ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದವರು ನನ್ನ ಕಡೆ ತಿರುಗಿದರು. “ಬ್ಯಾಡ ಅನ್ನೂದು ಸಸಾರ ತಂಗಿ. ಹಂಗಾರ ಏನು ಮಾಡೂಣು ಹೇಳು.” ನನ್ನ ಹತ್ತಿರ ಉತ್ತರವಿರಲಿಲ್ಲ. ಉತ್ತರ ಇಲ್ಲದವರಿಗೆ ಸಂಘಗಳಲ್ಲಿ ಒಂದು ಹುದ್ದೆ ಕೊಡುತ್ತಾರೆ. ನಾನು ಸಹಕಾರ್ಯದರ್ಶಿಯಾದೆ.

ಸದಸ್ಯರ ಪಟ್ಟಿಯಲ್ಲಿ ಎಂಬತ್ತನಾಲ್ಕು ಹೆಸರಿದ್ದವು. ವಾಟ್ಸಾಪ್ ಗುಂಪಿಗೆ ಆಮಂತ್ರಣ ಹಾಕಿದರೆ ಕೈಮುಗಿಯುವ ಚಿತ್ರಗಳು ಸಾಲಾಗಿ ಬರುತ್ತವೆ, ಜನ ಬರುವುದಿಲ್ಲ. ಆದ್ದರಿಂದ ಒಬ್ಬೊಬ್ಬರಿಗೇ ಫೋನ್ ಮಾಡಲು ಕುಳಿತೆ. ಮುಂದಿನ ಸಭೆಗೆ ಬನ್ನಿ ಎಂದು ಕರೆಯುವುದಕ್ಕಲ್ಲ, ಕಳೆದ ಸಭೆಗೆ ಯಾಕೆ ಬರಲಿಲ್ಲ ಎಂದು ಕೇಳುವುದಕ್ಕೆ. ಮೂರು ವಾರ ಹಿಡಿಯಿತು. ಹನ್ನೆರಡು ನಂಬರು ಚಾಲ್ತಿಯಲ್ಲಿರಲಿಲ್ಲ. ಇಬ್ಬರು ಸದಸ್ಯರು ತೀರಿಕೊಂಡಿದ್ದರು. ಅದು ಸಂಘಕ್ಕೆ ಗೊತ್ತೇ ಇರಲಿಲ್ಲ. ಒಬ್ಬರ ಹೆಂಡತಿ ಫೋನೆತ್ತಿ, “ಅವರು ಹೋಗಿ ಎರಡು ವರ್ಷ ಆತವಾ. ನಿಮ್ಮ ಪತ್ರ ಇನ್ನೂ ಬರ್ತಾವ, ತೆಗೆದು ಇಡ್ತೀನಿ” ಎಂದರು. ಆ ದಿನ ಮತ್ತೆ ಯಾರಿಗೂ ಫೋನ್ ಮಾಡಲಾಗಲಿಲ್ಲ.

ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡುವ ಒಬ್ಬರು ಮಾತ್ರ ನನ್ನ ಪ್ರಶ್ನೆ ಕೇಳಿ ನಕ್ಕುಬಿಟ್ಟರು. “ಐತ್ವಾರ ನಮಗ ಡ್ಯೂಟಿರೀ ಮೇಡಂ. ಸೋಮವಾರ ಸೂಟಿ. ನೀವು ಇಡೂದೆಲ್ಲಾ ಐತ್ವಾರ. ಹೆಂಗ ಬರೂದು?”

ಫೋನ್ ಇಟ್ಟು ಸುಮ್ಮನೆ ಕುಳಿತೆ. ಅದು ಯಾರಿಗೂ ಗೊತ್ತಿಲ್ಲದ ಗುಟ್ಟಾಗಿರಲಿಲ್ಲ. ಭಾನುವಾರ ಪೇಪರು ಓದಲು ಗ್ರಂಥಾಲಯಕ್ಕೆ ಹೋಗುವ ಯಾವ ಮುದುಕರನ್ನು ಕೇಳಿದರೂ ಹೇಳುತ್ತಿದ್ದರು. ನಾನೇ ಎಷ್ಟೋ ಸೋಮವಾರ ಅಲ್ಲಿಗೆ ಹೋಗಿ ಬೀಗ ನೋಡಿ ವಾಪಸು ಬಂದಿದ್ದೇನೆ. ಆದರೂ ಗ್ರಂಥಪಾಲಕರ ಸಂಘವೊಂದು ವರ್ಷಗಟ್ಟಲೆ ಭಾನುವಾರ ಸಭೆ ಇಟ್ಟು, ಬಾರದವರನ್ನು ನಿರುತ್ಸಾಹಿಗಳೆಂದು ಬರೆದುಕೊಂಡಿತ್ತು. ‘ಎಲ್ಲರಿಗೂ ರಜೆ’ ಎನ್ನುವಾಗ ನಮ್ಮ ‘ಎಲ್ಲರೂ’ ಎಂದರೆ ಕಾಲೇಜಿನವರು ಮಾತ್ರ ಆಗಿದ್ದರು.

ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಪುಸ್ತಕ ಇರುವುದು ಬಳಕೆಗೆ ಎಂಬುದು ಮೊದಲನೆಯದು. ಕೇಳಲು ಸರಳ. ಆದರೆ ಅದನ್ನು ವಿವರಿಸುವಾಗ ಅವರು ಗ್ರಂಥಾಲಯ ಊರಿನ ಯಾವ ಜಾಗದಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬ ಮಾತಿಗೇ ಬರುತ್ತಾರೆ. ಓದುಗರು ಬರಲಾಗದ ಹೊತ್ತಿನಲ್ಲಿ ಬಾಗಿಲು ತೆರೆದಿಟ್ಟು ಓದುವ ಹವ್ಯಾಸ ಕಡಿಮೆಯಾಗಿದೆ ಎನ್ನುವಂತಿಲ್ಲ. ನಾಲ್ಕನೆಯ ಸೂತ್ರ ಓದುಗರ ಸಮಯ ಉಳಿಸಬೇಕೆನ್ನುತ್ತದೆ. ಈ ಸೂತ್ರಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವರೇ ನಾವೆಲ್ಲ, ಸಭೆಯಲ್ಲಿ ಐವತ್ತು ನಿಮಿಷ ಹಾರ ಹಾಕುತ್ತಿದ್ದೆವು.

ಹೀಗಾಗಿ ಒಂದಿಷ್ಟು ಬದಲಾವಣೆ ಮಾಡಿಕೊಂಡೆವು. ಸಭೆ ಒಂದು ತಿಂಗಳು ಭಾನುವಾರ, ಒಂದು ತಿಂಗಳು ಸೋಮವಾರ ಸಂಜೆ. ಸಭಾಂಗಣ ಬೇಡ, ಯಾವುದಾದರೊಂದು ಗ್ರಂಥಾಲಯದ ಓದುವ ಮೇಜೇ ಸಾಕು. ಇನ್ನೂರು ಕುರ್ಚಿಯಲ್ಲಿ ಹನ್ನೆರಡು ಜನ ಕುಳಿತರೆ ಸೋಲು ಕಾಣುತ್ತದೆ. ಹದಿನಾರು ಕುರ್ಚಿಯಲ್ಲಿ ಅದೇ ಹನ್ನೆರಡು ಜನ ಕುಳಿತರೆ ಸಭೆ ಕಾಣುತ್ತದೆ. ಹಾರ, ಶಾಲು, ವೇದಿಕೆ ಬಿಟ್ಟೆವು. ಶುರುವಾಗುವ ಹೊತ್ತಿನ ಜೊತೆಗೆ ಮುಗಿಯುವ ಹೊತ್ತನ್ನೂ ಬರೆದು ಕಳಿಸಿ, ಆ ಹೊತ್ತಿಗೇ ಮುಗಿಸಿದೆವು. ವಿಷಯಗಳನ್ನು ಫೋನಿನಲ್ಲಿ ಜನ ಹೇಳಿಕೊಂಡ ತೊಂದರೆಗಳಿಂದಲೇ ಆರಿಸಿದೆವು.

ಮೊದಲ ಸೋಮವಾರ ಬಂದವರು ಒಂಬತ್ತು ಜನ. ಆಗಸ್ಟ್‌ಗಿಂತ ಎರಡು ಕಡಿಮೆ. ಕಾರ್ಯದರ್ಶಿಗಳು ನನ್ನ ಮುಖ ನೋಡಿ, “ಮೈಕಿನವಾ, ಡ್ರೈವರ್ ಇಲ್ಲ ಇದರಾಗ. ಲೆಕ್ಕ ಸಮ ಆತು” ಎಂದರು.

ಅಂದಿನ ವಿಷಯ ನುಡಿ. ನಮ್ಮ ಬಹಳಷ್ಟು ಗ್ರಂಥಾಲಯಗಳಲ್ಲಿ ಕನ್ನಡ ಪುಸ್ತಕಗಳ ಹೆಸರನ್ನು ಹಿಂದೆ ನುಡಿಯ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಆ ಪಟ್ಟಿಯನ್ನು ಕೊಹಾ ತರಹದ, ಯುನಿಕೋಡ್ ಬಳಸುವ ತಂತ್ರಾಂಶಕ್ಕೆ ಹಾಗೆಯೇ ಸುರಿದರೆ ಅಕ್ಷರಗಳು ಅರ್ಥವಿಲ್ಲದ ಗುರುತುಗಳಾಗುತ್ತವೆ. ‘ಕಾರಂತ’ ಎಂದು ಹುಡುಕಿದರೆ ಕಂಪ್ಯೂಟರ್ ಇಲ್ಲ ಎನ್ನುತ್ತದೆ. ಕಾರಂತರ ಪುಸ್ತಕಗಳು ಹಿಂದಿನ ಕಪಾಟಿನಲ್ಲೇ ಇರುತ್ತವೆ. ನ್ಯೂಜಿಲೆಂಡಿನ ಒಂದು ಪ್ರಾದೇಶಿಕ ಗ್ರಂಥಾಲಯಕ್ಕಾಗಿ ತಯಾರಾಗಿ 2000ದಲ್ಲಿ ಬಳಕೆಗೆ ಬಂದ ಕೊಹಾ ಉಚಿತ. ಆದರೆ ಹಳೆಯ ದತ್ತಾಂಶವನ್ನು ಅದಕ್ಕೆ ಹೊಂದಿಸಿಕೊಡುವವರು ಪುಕ್ಕಟೆ ಸಿಗುವುದಿಲ್ಲ. ಒಬ್ಬರು ಪದವಿ ಕಾಲೇಜಿನವರು ತಮ್ಮ ಗ್ರಂಥಾಲಯದ ಪಟ್ಟಿಯನ್ನು ತಾವೇ ಹಂತಹಂತವಾಗಿ ಪರಿವರ್ತಿಸಿಕೊಂಡಿದ್ದರು. ಒತ್ತಕ್ಷರ ಎಲ್ಲಿ ಕೆಡುತ್ತದೆ, ಅರ್ಕಾವತ್ತು ಎಲ್ಲಿ ಜಾರುತ್ತದೆ ಎಂಬುದನ್ನು ತೋರಿಸಿದರು. ಉಳಿದ ಎಂಟು ಜನ ಬರೆದುಕೊಂಡರು. ಒಂದು ಗಂಟೆಗೆ ಮುಗಿಯಬೇಕಾದ ಸಭೆ ಒಂದು ಗಂಟೆಗೇ ಮುಗಿಯಿತು, ಯಾರೂ ಎದ್ದು ಹೋಗಲಿಲ್ಲ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರನ್ನೂ ಕರೆಯೋಣ ಎಂದಾಗ ಮಾತ್ರ ಸಮಿತಿಯಲ್ಲಿ ಬಿಸಿ ಏರಿತು. 2019ರಲ್ಲಿ ಈ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋದವು. ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. ಅಲ್ಲಿ ಕೆಲಸ ಮಾಡುವವರಲ್ಲಿ ಅನೇಕರಿಗೆ ಗ್ರಂಥಾಲಯ ವಿಜ್ಞಾನದ ಪದವಿಯಿಲ್ಲ. “ಇದು ವೃತ್ತಿಪರರ ಸಂಘ” ಎಂದರು ಒಬ್ಬರು. ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸುತ್ತ ಕೇಳಿದರು: “1924ರಾಗ ರಂಗನಾಥನ್ ಅವರನ್ನ ಮದ್ರಾಸ್ ಯುನಿವರ್ಸಿಟಿಯವರು ಲೈಬ್ರರಿಯನ್ ಮಾಡಿಕೊಂಡ್ರಲ್ಲಾ, ಆವತ್ತ ಅವರ ಹತ್ರ ಯಾವ ಡಿಗ್ರಿ ಇತ್ರೀ? ಗಣಿತದ ಮಾಸ್ತರ ಇದ್ರು ಅವರು.” ಯಾರೂ ಮಾತಾಡಲಿಲ್ಲ. ಮಾತು ನಿಜ. ಅಷ್ಟೇ ಅಲ್ಲ, ಹೊಸ ಕೆಲಸದ ಏಕಾಂತ ತಡೆಯಲಾಗದೆ ರಂಗನಾಥನ್ ಮೊದಮೊದಲು ಹಳೆಯ ಕಾಲೇಜಿಗೇ ಮರಳುತ್ತೇನೆಂದು ಕೇಳಿಕೊಂಡಿದ್ದರು. ನಮ್ಮ ಕಸುಬಿನ ಹಿರಿಯರೇ ಖಾಲಿ ಕೋಣೆಗೆ ಬೇಸತ್ತು ಓಡಿಹೋಗಲು ನೋಡಿದವರು ಎಂಬುದು ನನಗೆ ಆ ದಿನಗಳಲ್ಲಿ ದೊಡ್ಡ ಸಮಾಧಾನವಾಗಿತ್ತು.

ಹೀಗೆ ಕಲಘಟಗಿ ಕಡೆಯ ಒಂದು ಹಳ್ಳಿಯಿಂದ ಮೇಲ್ವಿಚಾರಕಿಯೊಬ್ಬರು ಬಂದರು. ಅವರ ಗ್ರಂಥಾಲಯಕ್ಕೂ ಸೋಮವಾರವೇ ಸೂಟಿ. ಅವರು ಬರಲು ಸಾಧ್ಯವಾದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿನ ಹಣವಿಲ್ಲ. ನಮ್ಮ ಸಭೆಗೆ ಹಳ್ಳಿಗಳಿಂದ ಬಂದವರಲ್ಲಿ ಹೆಂಗಸರೇ ಹೆಚ್ಚಾದದ್ದು ನಮ್ಮ ಆಮಂತ್ರಣದ ಚಂದಕ್ಕಲ್ಲ.

ಅಂದಿನ ವಿಷಯ ಗೆದ್ದಲು ಮತ್ತು ಮಳೆಗಾಲದ ಬೂಸು. ಅವರು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಒಣಗಿಸಿದ ಬೇವಿನ ಎಲೆ, ಬಜೆ ಬೇರು ತಂದಿದ್ದರು. ಹಿಂದಿನವರು ತಾಳೆಗರಿಯ ಕಟ್ಟುಗಳಲ್ಲಿ ಬಜೆ ಇಡುತ್ತಿದ್ದರೆಂದು ನಾನು ಪುಸ್ತಕದಲ್ಲಿ ಓದಿದ್ದೆ. ಕೈಯಲ್ಲಿ ಹಿಡಿದು ಮೂಸಿದ್ದು ಅದೇ ಮೊದಲು. ಮಾತು ಮುಗಿಯುವಾಗ ಯಾರೋ ಅವರನ್ನು, ನಿಮ್ಮ ಗ್ರಂಥಾಲಯಕ್ಕೆ ಹುಡುಗರು ಬರುತ್ತಾರಾ ಎಂದು ಕೇಳಿದರು.

“ಬರ್ತಾವ್ರೀ, ದಿನಾ ಇಪ್ಪತ್ತ ಇಪ್ಪತ್ತೈದು ಬರ್ತಾವ.”

“ಏನು ಮಾಡಿ ಬರೂವಂಗ ಮಾಡಿದ್ರಿ?”

“ಏನಿಲ್ರೀ, ಒಂದೊಂದಕ್ಕ ಒಂದೊಂದು ಕೆಲಸಾ ಕೊಟ್ಟೀನಿ. ಒಬ್ಬಾಕಿ ಪೇಪರ್ ಜೋಡಸ್ತಾಳ. ಒಬ್ಬಾವ ತಾರೀಖಿನ ಸಿಕ್ಕಾ ಒತ್ತತಾನ. ಇನ್ನೊಬ್ಬಾವ ಓದಾಕ ಬರದ ಮುದುಕರಿಗೆ ಸುದ್ದಿ ಓದಿ ಹೇಳ್ತಾನ. ತಮ್ಮ ಕೆಲಸಾ ನಿಲ್ತದ ಅಂತ ಬರ್ತಾವ. ಬರೇ ಬಂದು ಸುಮ್ನ ಕೂಡ್ರಿ ಅಂದ್ರ ಯಾರು ಬರ್ತಾರ್ರೀ?”

ಆ ಸಂಜೆ ಸಾಧನಕೇರಿಯ ದಾರಿಯಲ್ಲಿ ನಡೆದು ಬರುವಾಗ ಅದೇ ಮಾತು ತಲೆಯಲ್ಲಿತ್ತು. ಇದೇ ಊರಿನಲ್ಲಿ 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಸೇರಿತ್ತು. ಅದನ್ನು ನಾವು ಕವಿಗಳ ಕೂಟವೆಂದು ನೆನೆಯುತ್ತೇವೆ. ಅಲ್ಲಿ ಪ್ರೇಕ್ಷಕರಿರಲಿಲ್ಲ ಎಂಬುದನ್ನು ಯೋಚಿಸುವುದಿಲ್ಲ. ಬಂದವರೆಲ್ಲ ಓದುವವರು, ಬರೆಯುವವರು, ಪತ್ರಿಕೆಯ ಕೆಲಸಕ್ಕೆ ಹೆಗಲು ಕೊಡುವವರು. ಕೇಳಿಸಿಕೊಳ್ಳುವುದಕ್ಕೆಂದೇ ಕರೆಸಿಕೊಂಡವರು ಯಾರೂ ಇರಲಿಲ್ಲ. ನಾವು ಮಾತ್ರ ವರ್ಷಗಳಿಂದ ಜನರನ್ನು ಕುಳಿತುಕೊಳ್ಳಲು ಕರೆಯುತ್ತಿದ್ದೆವು. ಅವರು ಬಾರದಿದ್ದರೆ ಸಭೆಯ ಯಾವ ಕೆಲಸವೂ ನಿಲ್ಲುತ್ತಿರಲಿಲ್ಲ, ಒಂದು ಕುರ್ಚಿ ಖಾಲಿ ಉಳಿಯುತ್ತಿತ್ತು, ಅಷ್ಟೇ. ಅದು ಅವರಿಗೂ ಗೊತ್ತಿತ್ತು.

ಆಮೇಲೆ ಫೋನ್ ಮಾಡುವ ರೀತಿ ಬದಲಾಯಿತು. ‘ದಯವಿಟ್ಟು ಬನ್ನಿ’ ಎನ್ನುವುದನ್ನು ಬಿಟ್ಟೆ. “ನಿಮ್ಮ ಅಕ್ಸೆಷನ್ ರಿಜಿಸ್ಟರಿನ ಒಂದು ಪುಟದ ನಕಲು ತರ್ತೀರಾ? ಹೊಸಬರಿಗೆ ತೋರಿಸಬೇಕು.” “ಈ ಸಲದ ನಡಾವಳಿ ನೀವು ಬರೀರಿ.” “ಗಡಿಯಾರ ನಿಮ್ಮ ಕೈಯಲ್ಲಿ. ಯಾರೇ ಆಗಲಿ, ಹತ್ತು ನಿಮಿಷ ಆದ ಕೂಡಲೇ ನಿಲ್ಲಿಸಬೇಕು.” ಆ ಕೊನೆಯ ಕೆಲಸವನ್ನು ಸಂಘ ಮುಚ್ಚೋಣ ಎಂದಿದ್ದ ಹಿರಿಯರಿಗೇ ಕೊಟ್ಟೆವು. ಬಹಳ ಖುಷಿಯಿಂದ ಮಾಡಿದರು, ಒಮ್ಮೆ ನನ್ನನ್ನೂ ನಿಲ್ಲಿಸಿದರು. ಬಾರದವರಿಗೆ ಮರುದಿನ ಯಾರಾದರೊಬ್ಬರು ಫೋನ್ ಮಾಡಿ ಏನೇನಾಯಿತು ಎಂದು ಹೇಳುವುದನ್ನೂ ರೂಢಿಸಿಕೊಂಡೆವು. ಯಾಕೆ ಬರಲಿಲ್ಲ ಎಂದು ಕೇಳುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡಿತು.

2024ರ ಆಗಸ್ಟ್ 12 ಸೋಮವಾರವೇ ಬಂತು. ಅಂದು ಮೂವತ್ನಾಲ್ಕು ಜನ ಸೇರಿದ್ದೆವು. ಕುರ್ಚಿ ಸಾಲದೆ ಹುಡುಗರು ಕಪಾಟುಗಳ ನಡುವೆ ನೆಲದ ಮೇಲೆ ಕುಳಿತರು. ಸಂಘ ಮುಚ್ಚುವ ಮಾತು ಯಾರೂ ಎತ್ತಲಿಲ್ಲ. ಚಹಾದ ಹೊತ್ತಿನಲ್ಲಿ ನಾನು ಸ್ವಲ್ಪ ಹೆಮ್ಮೆಯಿಂದಲೇ, “ನೋಡಿ ಸರ, ಒಂದು ರೂಪಾಯಿ ಖರ್ಚಿಲ್ಲದೆ ಇಷ್ಟು ಜನ” ಎಂದೆ.

ಕಾರ್ಯದರ್ಶಿಗಳು ಏನೂ ಹೇಳದೆ ಜೇಬಿನಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದು ಕೊಟ್ಟರು. ಹದಿನೆಂಟು ವರ್ಷದ ಚಹಾ, ಅವಲಕ್ಕಿ, ಝೆರಾಕ್ಸ್, ಅಂಚೆ ಚೀಟಿಯ ಲೆಕ್ಕ ಅದರಲ್ಲಿತ್ತು. ಖರ್ಚಿನ ಎದುರು ಜಮಾ ಅಂಕಣ ಇರಲಿಲ್ಲ. ಎಲ್ಲ ಅವರ ಪಿಂಚಣಿಯಿಂದ ಹೋದದ್ದು. “ನೀ ಲೆಕ್ಕ ತಪ್ಪಬಾರದು ಅಂತ ತೋರಿಸಿದೆ, ಬ್ಯಾರೇ ಏನಿಲ್ಲ” ಎಂದು ಮತ್ತೆ ಜೇಬಿಗೆ ಹಾಕಿಕೊಂಡರು.

ಖರ್ಚಿಲ್ಲದ ಸಭೆ ಎಂಬುದು ಇಲ್ಲ. ನಾವು ಬರೆದುಕೊಳ್ಳದ ಖರ್ಚು ಇರುತ್ತದೆ. ನನ್ನ ಮೂರು ವಾರದ ಫೋನು, ಸರ್ಕಾರದ ಬಸ್ಸು, ಕೊಹಾ ಕಲಿಸಿದವರ ವರ್ಷಗಳ ದುಡಿಮೆ, ಹಳ್ಳಿಯಿಂದ ಬರುವವರ ವಾರದ ಒಂದೇ ಸೂಟಿ, ಇವೆಲ್ಲ ಯಾರದೋ ಗಂಟು. ಈಗ ಚಹಾದ ಸರದಿ ತಿಂಗಳಿಗೊಬ್ಬರದು. ಕಾರ್ಯದರ್ಶಿಗಳ ಸರದಿ ಬಂದಾಗ ಮಾತ್ರ ಅವಲಕ್ಕಿಯೂ ಇರುತ್ತದೆ.

ಅದೇ ದಿನ ಎಲ್ಲರೂ ಹೊರಟ ಮೇಲೆ ಕಲಘಟಗಿ ಕಡೆಯ ಆ ಮೇಲ್ವಿಚಾರಕಿ ಬಾಗಿಲ ಬಳಿ ನಿಂತಿದ್ದರು. ಏನೋ ಕೇಳಬೇಕೆಂದು ನಿಂತವರಂತಿತ್ತು. “ಮೇಡಂ, ಒಂದು ಸರ್ಟಿಫಿಕೇಟ್ ಕೊಡ್ತೀರೇನು?”

ನನ್ನ ಮುಖದಲ್ಲಿ ಏನೋ ಕಂಡಿರಬೇಕು. ತಕ್ಷಣ ಹೇಳಿದರು: “ಬಡ್ತಿ ಗಿಡ್ತಿ ನಮಗೇನಿಲ್ರೀ. ಮನ್ಯಾಗ ಕೇಳ್ತಾರ, ಸೂಟಿ ದಿನಾನೂ ಎಲ್ಲಿಗೆ ಹೋಗ್ತಿ, ಏನು ಕೊಡ್ತಾರ ಅಲ್ಲೆ ಅಂತ. ಪಂಚಾಯಿತ್ಯಾಗೂ ಕೇಳ್ತಾರ. ತೋರಸಾಕ ಒಂದು ಹಾಳಿ ಇದ್ರ ಸಾಕು.”

ಒಂದು ವರ್ಷ ಪ್ರಮಾಣಪತ್ರದ ವಿರುದ್ಧ ಭಾಷಣ ಮಾಡಿದವಳು ನಾನು. ನನಗೆ ಅದು ಬೇಡವಾದದ್ದು ಸಹಜ, ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಫೋಲ್ಡರ್ ತುಂಬ ಇವೆ. ಗ್ರಂಥಾಲಯಕ್ಕೆ ಹೋಗುತ್ತೇನೆ ಎಂದರೆ ನನ್ನನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ. ಭಾನುವಾರ ಎಲ್ಲರಿಗೂ ರಜೆ ಎಂದಾಗ ಮಾಡಿದ ತಪ್ಪನ್ನೇ, ಪ್ರಮಾಣಪತ್ರ ಯಾರಿಗೂ ಬೇಡ ಎಂದಾಗಲೂ ಮಾಡಿದ್ದೆ.

ಮರುದಿನ ಸಂಘದ ಲೆಟರ್‌ಹೆಡ್ ಹುಡುಕಿದೆ. ಹಳೆಯ ವಿಳಾಸದ್ದು, ಅಂಚು ಹಳದಿಯಾಗಿತ್ತು. ‘ಭಾಗವಹಿಸಿದ್ದಾರೆ’ ಎಂದು ಬರೆಯಲು ಹೋಗಿ ಪೆನ್ನು ನಿಲ್ಲಿಸಿದೆ. ಅವರು ಬರೀ ಭಾಗವಹಿಸಿರಲಿಲ್ಲ. ಕೊನೆಗೆ ಹೀಗೆ ಬರೆದೆ: ಇವರು ನಮ್ಮ ಸಂಘದ ಸಭೆಗೆ ಬಂದು, ಪುಸ್ತಕಗಳನ್ನು ಹುಳುವಿನಿಂದ ಕಾಪಾಡುವುದು ಹೇಗೆ, ಮಕ್ಕಳು ದಿನವೂ ಗ್ರಂಥಾಲಯಕ್ಕೆ ಬರುವಂತೆ ಮಾಡುವುದು ಹೇಗೆ ಎಂಬುದನ್ನು ನಮಗೆ ಕಲಿಸಿದ್ದಾರೆ. ಎರಡನೆಯದನ್ನು ನಾವು ಸಂಘದಲ್ಲಿ ಜಾರಿಗೆ ತಂದಿದ್ದೇವೆ. ಕೆಳಗೆ ಕಾರ್ಯದರ್ಶಿಗಳು ಸಹಿ ಮಾಡಿದರು. ಸಂಘದ ಮೊಹರು ಒಣಗಿಹೋಗಿತ್ತು. ಹತ್ತು ರೂಪಾಯಿಯ ಶಾಯಿ ತಂದು ಒತ್ತಿದೆವು. ಅದನ್ನು ಖರ್ಚಿನ ಪುಸ್ತಕದಲ್ಲಿ ಬರೆದಿದ್ದೇನೆ.

ಮುಂದಿನ ಸೋಮವಾರದ ಸಭೆಗೆ ಅವರು ಪಕ್ಕದ ಹಳ್ಳಿಯ ಇನ್ನೊಬ್ಬ ಮೇಲ್ವಿಚಾರಕಿಯನ್ನು ಕರೆದುಕೊಂಡು ಬಂದರು. ಬಂದವಳು ಸಂಕೋಚದಿಂದ ಕೊನೆಯ ಕುರ್ಚಿಯಲ್ಲಿ ಕೂರಲು ಹೋದಳು. ಇವರು ಅವಳ ತೋಳು ಹಿಡಿದು ಮೇಜಿನ ಹತ್ತಿರ ತಂದು ನಿಲ್ಲಿಸಿ ನನಗೆ ಹೇಳಿದರು: “ಈಕೀಗೂ ಏನರ ಒಂದು ಕೆಲಸಾ ಕೊಡ್ರಿ ಮೇಡಂ, ಇಲ್ಲಂದ್ರ ಮುಂದಿನ ಸಲ ಬರೂದಿಲ್ಲ.”